ಸಕ್ಕರೆ ಷೇರಿಗೆ ಕಾವಲು

ದಿಲ್ಲಿಯಲ್ಲಿ ಮಂತ್ರಿಗಳು ಬಾಯಿ ತೆಗೆದ್ರೆ ಶ್ರೀನಿವಾಸಪುರದ ನಮ್ಮ ಷೇರು ಆಫೀಸಿನ ರೇಟಿನ ಪರದೆ ಕೆಂಪಾಗುತ್ತೆ, ಇಲ್ಲ ಹಸಿರಾಗುತ್ತೆ. ಇಷ್ಟು ವರ್ಷ ಇಲ್ಲೇ ಕೂತು ನೋಡಿದ್ರೂ ನನಗೆ ಇನ್ನೂ ಮೈ ಜುಂ ಅನ್ನುತ್ತೆ. ಇಂಥದ್ದು ನಡೀತಾನೇ ಇರುತ್ತೆ, ಆದ್ರೆ ಯಲ್ದೂರಿನ ಯಜಮಾನರದ್ದು ಬೇರೇನೇ.

೧. ಮಾಲಿನ ಪಕ್ಕ

ಯಜಮಾನರು ಟೊಮೆಟೊ, ಹಿಪ್ಪುನೇರಳೆ ಬೆಳೆಯೋರು. ತೋಟದ ಮೋಟಾರು ಸುಟ್ಟುಹೋಗಿ, ಹೊಸದು ತನ್ನಿ ಅಂತ ಹೆಂಡತಿ ದುಡ್ಡು ಕೊಟ್ಟಿದ್ರು. ಇವರು ಅದರಲ್ಲಿ ಸಕ್ಕರೆ ಕಾರ್ಖಾನೆ ಷೇರು ತಗೊಂಡ್ರು. ಮೋಟಾರು ಕೋಲಾರದಿಂದ ಬರಬೇಕು, ವಿಚಾರಿಸ್ಕೊಂಡು ಬರ್ತೀನಿ ಅಂತ ದಿನಾ ಮನೇಲಿ ಹೇಳಿ ಹೊರಡೋರು.

ಬಂದು ಪರದೆ ಪಕ್ಕ ನಿಂತುಬಿಡೋರು. ಕೂತ್ಕೊಳ್ಳಿ ಅಂದ್ರೆ ಕೂರ್ತಿರಲಿಲ್ಲ. ಮಂಡೀಲಿ ಹರಾಜಿನ ಹೊತ್ತಲ್ಲಿ ಟೊಮೆಟೊ ಬಾಕ್ಸ್ ಬಿಟ್ಟು ಹೋದವನಿಗೆ ರೇಟು ಸಿಗಲ್ಲವಂತೆ, ಷೇರೂ ಮಾಲೇ ತಾನೇ ಅನ್ನೋರು. ಮಾರ್ಕೆಟ್ ಮುಚ್ಚೋವರೆಗೂ ಕದಲ್ತಿರಲಿಲ್ಲ. ನಾವೆಲ್ಲ ಹಲ್ಲು ಬಿಡ್ತಿದ್ವಿ.

೨. ಒಂದು ಟೀ

ಒಂದಿನ ಬಲವಂತ ಮಾಡಿ ಟೀಗೆ ಕರ್ಕೊಂಡು ಹೋದೆ. ಲೋಟ ಬಾಯಿಗಿಟ್ಟಿದ್ರು ಅಷ್ಟೆ, ಸಕ್ಕರೆ ರಫ್ತು ನಿಲ್ಲಿಸ್ತೀವಿ ಅಂತ ಸರ್ಕಾರ ಹೇಳಿಬಿಡ್ತು. ವಾಪಸ್ ಬರೋಷ್ಟರಲ್ಲಿ ಷೇರು ದಬಾರ್ ಅಂತ ಬಿದ್ದಿತ್ತು.

"ಕರ್ಮರಾ ನಾಯನಾ, ಕರ್ಮ ಕಣಪ್ಪಾ," ಅಂದ್ರು ಯಜಮಾನರು. "ಮಾಲು ಬಿಟ್ಟು ಬರಬಾರದು ಅಂತ ಹೇಳ್ಲಿಲ್ವಾ?"

ನಂಬಿದ್ರೆ ನಂಬಿ, ಆಮೇಲೆ ನಾವೇ ಅವರನ್ನ ಕದಲೋಕೆ ಬಿಡ್ಲಿಲ್ಲ. ಟೀ ಅಲ್ಲಿಗೇ ತರಿಸಿದ್ವಿ. ಅವರು ಬಚ್ಚಲಿಗೆ ಹೋದಾಗ ಎಂಬಿಎ ಓದಿದ ನಮ್ಮ ಮ್ಯಾನೇಜರು ಆ ಜಾಗದಲ್ಲಿ ಕೈ ಕಟ್ಕೊಂಡು ನಿಲ್ತಿದ್ರು.

೩. ಯಾವ ಮೋಟಾರು?

ಕೊನೆಗೂ ಒಂದು ಮಧ್ಯಾಹ್ನ, ಕಬ್ಬಿನಿಂದ ಪೆಟ್ರೋಲಿಗೆ ಬೆರೆಸೋ ಎಥನಾಲ್ ಮಾಡೋಕೆ ಇದ್ದ ತಡೆ ತೆಗೆದಿದೀವಿ ಅಂತ ಸರ್ಕಾರ ಹೇಳ್ತು. ಅಬ್ಬಬ್ಬಾ! ಕಣ್ಣೆದುರೇ ಷೇರು ಮೇಲಕ್ಕೆ ಹತ್ತಿತು. ದಿಲ್ಲಿ ಎಲ್ಲಿ, ಯಲ್ದೂರಿನ ತೋಟ ಎಲ್ಲಿ! ತಕ್ಷಣ ಮಾರಿಸಿದೆ. ಹಾಕಿದ ದುಡ್ಡು ಪೂರ್ತಿ ವಾಪಸ್ ಬಂತು. ಯಜಮಾನರು ಕಣ್ಣಲ್ಲಿ ನೀರು ತುಂಬ್ಕೊಂಡು ಪರದೆಗೆ ಕೈ ಮುಗಿದ್ರು. ನಾನೂ ಮುಗಿದೆ.

ತಿರುಗಿ ನೋಡಿದ್ರೆ ಬಾಗಿಲಲ್ಲಿ ಅವರ ಹೆಂಡತಿ. ಗಂಡ ದಿನಾ ಇಲ್ಲಿ ನಿಂತಿರ್ತಾನೆ ಅಂತ ಊರವರು ಯಾರೋ ಹೇಳಿದ್ರಂತೆ. ಮೋಟಾರು ನಾಳೆ ಖಂಡಿತ ಬರುತ್ತೆ ಕಣೇ ಅಂತ ತಡವರಿಸಿದ್ರು ಯಜಮಾನರು.

"ಯಾವ ಮೋಟಾರು?" ಅಂದ್ರು ಆಯಮ್ಮ. "ರೇಷ್ಮೆಗೂಡು ಮಾರಿ ನಾನೇ ತಂದು ಕೂರ್ಸಿ ವಾರ ಆಯ್ತು. ನೀವು ತೋಟದ ಕಡೆ ತಲೆ ಹಾಕಿದ್ರೆ ತಾನೇ ಗೊತ್ತಾಗೋದು."