ಮೇಷ್ಟ್ರು ಜೋಡಿಸಿದ ಕಂಪ್ಯೂಟರ್

ಇತಿಹಾಸದ ಮೇಷ್ಟ್ರು ಆ ಬೆಳಿಗ್ಗೆ ಮನೆಯಿಂದ ಹೊರಟದ್ದು ಒಳ್ಳೆಯ ಕಂಪನಿಯ ಕಂಪ್ಯೂಟರೊಂದನ್ನು ತರುವುದಕ್ಕೇ. ಸಂಜೆ ಐದಕ್ಕೆ ಹೆಂಡತಿಗೆ ಕೆಲಸದ ಸಂದರ್ಶನವಿತ್ತು, ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು ಮಾತಾಡಬೇಕು. ಮೊಬೈಲ್ ನಡೆಯುವುದಿಲ್ಲ ಎಂದು ಸಂದರ್ಶನ ಮಾಡುವವರು ಮೊದಲೇ ಹೇಳಿಬಿಟ್ಟಿದ್ದರು. ಮೇಷ್ಟ್ರು ಚಪ್ಪಲಿ ಮೆಟ್ಟುವ ಹೊತ್ತಿಗೆ ಸರಿಯಾಗಿ ಭಾವಮೈದುನ ಗೇಟು ತೆಗೆಯದೇ ಇದ್ದಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು.

"ಎಲ್ಲಿಗೆ ಭಾವ?"

"ಕಂಪ್ಯೂಟರ್ ತರೋಕೆ."

"ಯಾವುದು, ಕಂಪನೀದಾ?" ಭಾವಮೈದುನ ಸಾವಿನ ಮನೆಗೆ ಬಂದವನ ದನಿಯಲ್ಲಿ ಕೇಳಿದ. "ಓದಿದೋರು, ನೀವೇ ಹೀಗೆ ಮಾಡಿದ್ರೆ ಹೇಗೆ? ಅವರು ದುಡ್ಡು ಕೀಳೋದು ಹೆಸರಿಗೆ. ಒಳಗಿರೋದು ಅದೇ ಸಾಮಾನು. ಬಿಡಿಬಿಡಿಯಾಗಿ ತಂದು ಜೋಡಿಸಿಕೊಂಡ್ರೆ ಆಯ್ತು. ಸಣ್ಣ ಮಕ್ಕಳು ಮಾಡ್ತಾರೆ ಭಾವ!"

ಸಣ್ಣ ಮಕ್ಕಳು ಮಾಡುವುದನ್ನು ತಾನು ಮಾಡಲಾರೆ ಎನ್ನುವ ಧೈರ್ಯ ಮೇಷ್ಟ್ರಿಗಿರಲಿಲ್ಲ.

"ಇವತ್ತೇ ಬೇಕಾ ನಿಮ್ಮ ಪ್ರಯೋಗ?" ಹೆಂಡತಿ ಒಳಗಿನಿಂದಲೇ ಕೂಗಿದಳು. ಮಗು ಹುಟ್ಟಿದಾಗ ಕೆಲಸ ಬಿಟ್ಟವಳು. ಆಮೇಲೆ ಹಾಕಿದ ಅರ್ಜಿಗಳಲ್ಲಿ ಉತ್ತರ ಬಂದಿದ್ದು ಇದೊಂದಕ್ಕೇ. "ಸುಮ್ನೆ ಕಂಪನೀದು ತನ್ನಿ."

"ನಿಂಗೆ ಸಂಜೆಗೆ ಕಂಪ್ಯೂಟರ್ ಬೇಕು ತಾನೆ? ಇರತ್ತೆ," ಎಂದರು ಮೇಷ್ಟ್ರು. ಭಾವಮೈದುನ ಕೊಟ್ಟ ಧೈರ್ಯ ಇನ್ನೂ ಬಿಸಿಬಿಸಿಯಾಗಿತ್ತು.

ಅಂಗಡಿಯವನು "ಮದರ್‌ಬೋರ್ಡ್ ಯಾವುದು ಕೊಡ್ಲಿ ಸಾರ್?" ಎಂದಾಗ ಮೇಷ್ಟ್ರು ಭಾವಮೈದುನನ ಮುಖ ನೋಡಿದರು. ಭಾವಮೈದುನ ಗೋಡೆಯ ಕ್ಯಾಲೆಂಡರ್ ನೋಡಿದ. "ಒಳ್ಳೇದು ಕೊಡಿ," ಎಂದರು ಮೇಷ್ಟ್ರು. ಯಾವ ಅಂಗಡಿಯವನೂ ಇಂಥ ಗಿರಾಕಿಯನ್ನು ಬರಿಗೈಲಿ ಕಳಿಸುವುದಿಲ್ಲ. ವರ್ಷದಿಂದ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಸಾಮಾನಿಗೆಲ್ಲ ಆ ದಿನ ಬಿಡುಗಡೆಯಾಯಿತು.

ಮುಂದಿನ ಕೋಣೆಯ ಮೇಜಿನ ಮೇಲೆ ಡಬ್ಬಿಗಳೆಲ್ಲ ಬಿಚ್ಚಿಕೊಂಡವು. ಜೊತೆಗೆ ಬಂದ ಪುಸ್ತಕದಲ್ಲಿ ಅಕ್ಷರಗಳು ಇರುವೆ ಸಾಲಿನಂತಿದ್ದವು. "ಅದೆಲ್ಲ ಏನೂ ಗೊತ್ತಿಲ್ಲದೋರಿಗೆ," ಎಂದು ಭಾವಮೈದುನ ಅದನ್ನು ಪಕ್ಕಕ್ಕೆ ಸರಿಸಿದ. ಅರ್ಧ ಕೆಲಸವಾಗಿ, ಯಾವ ವೈರು ಎಲ್ಲಿಗೆ ಎಂಬ ಪ್ರಶ್ನೆ ಎದ್ದ ಗಳಿಗೆಗೆ ಅವನಿಗೆ ಒಂದು ಅರ್ಜೆಂಟ್ ಕೆಲಸ ನೆನಪಾಯಿತು. "ಇನ್ನೇನಿಲ್ಲ ಭಾವ, ಸಿಕ್ಕಿಸ್ತಾ ಹೋಗಿ," ಎಂದು ಗೇಟು ದಾಟಿದ.

ಸದ್ದು ಕೇಳಿ ಮಹಡಿ ಮನೆಯ ನಿವೃತ್ತ ಮ್ಯಾನೇಜರು ಇಳಿದು ಬಂದರು. ಹಿಂದೆಯೇ ಕತ್ತಿಗೆ ಟೇಪು ಸುತ್ತಿಕೊಂಡು ಎದುರುಮನೆಯ ದರ್ಜಿ ಬಂದ.

"ನಂದು ಕಂಪನೀದು ಮೇಷ್ಟ್ರೇ. ಇಷ್ಟು ವರ್ಷದಲ್ಲಿ ಒಂದು ಸಲ ಕೆಟ್ಟಿಲ್ಲ," ಎಂದರು ಮ್ಯಾನೇಜರು. ಕೆಡುವುದಕ್ಕೆ ಅವರು ಅದನ್ನು ಮುಟ್ಟಬೇಕಿತ್ತು. ಭಾನುವಾರ ಮೊಮ್ಮಗನ ಮುಖ ನೋಡುವಾಗ ಬಿಟ್ಟರೆ ಅದಕ್ಕೆ ಸದಾ ಮುಸುಕು.

ದರ್ಜಿ ಮೇಜಿನ ಮೇಲೆ ಉಳಿದ ಸ್ಕ್ರೂಗಳನ್ನು ಬೆರಳಲ್ಲಿ ಹೊರಳಿಸಿದ. "ಅಂಗಿ ಹೊಲಿದ್ಮೇಲೆ ಗುಂಡಿ ಉಳೀತು ಅಂದ್ರೆ ಎಲ್ಲೋ ಕಾಜಾ ಬಿಟ್ಟಿದೆ ಅಂತ ಅರ್ಥ ಮೇಷ್ಟ್ರೇ."

ಮೇಷ್ಟ್ರು ಬೆವರು ಒರೆಸಿಕೊಂಡು ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಪರೀಕ್ಷೆಯ ದಿನ ಪ್ರಶ್ನೆ ಕೇಳಿಸಿಕೊಂಡ ಹಿಂದಿನ ಬೆಂಚಿನ ಹುಡುಗನ ಹಾಗೆ ಕಂಪ್ಯೂಟರ್ ಸುಮ್ಮನೆ ಅವರನ್ನೇ ನೋಡಿತು.

"ಫ್ಯಾನ್ ಉಲ್ಟಾ ಕೂತಿರಬೇಕು," ಎಂದರು ಮ್ಯಾನೇಜರು.

"ಸ್ವಲ್ಪ ತಟ್ಟಿ ನೋಡಿ," ಎಂದ ದರ್ಜಿ.

ಮೇಷ್ಟ್ರು ಬಿಚ್ಚಿದರು, ಹಾಕಿದರು, ತಟ್ಟಿದರು. ತಗಡಿನ ಅಂಚು ಬೆರಳು ಕೊಯ್ದು ರಕ್ತ ಬಂತು. ಕಂಪ್ಯೂಟರಿಗೆ ಮಾತ್ರ ಜೀವ ಬರಲಿಲ್ಲ.

ಐದಾಗುತ್ತ ಬಂತು. ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ತಲೆ ಬಾಚಿಕೊಂಡು ಹೆಂಡತಿ ಬಾಗಿಲಲ್ಲಿ ನಿಂತಳು. ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಅವರ ಕಡೆ ನೋಡಲೂ ಇಲ್ಲ.

"ಅಂಕಲ್, ನಿಮ್ಮ ಕಂಪ್ಯೂಟರ್ ಒಂದು ಗಂಟೆ ಕೊಡ್ತೀರಾ?"

"ಅಯ್ಯೋ, ಬಾರಮ್ಮ!" ಮ್ಯಾನೇಜರು ಅವಿರೋಧವಾಗಿ ಗೆದ್ದ ಅಭ್ಯರ್ಥಿಯ ಹಾಗೆ ಎಲ್ಲರಿಗೂ ಮುಖ ತೋರಿಸಿ ಮೆಟ್ಟಿಲು ಹತ್ತಿದರು.

ಮೇಷ್ಟ್ರು ವೈರುಗಳ ನಡುವೆ ಕುಸಿದು ಕೂತರು. ಈ ಕೆಲಸ ತಪ್ಪಿದರೆ ಅವಳು ಜನ್ಮವಿಡೀ ಏನೂ ಅನ್ನುವುದಿಲ್ಲ, ಇವತ್ತಿನ ಹಾಗೇ ಸುಮ್ಮನೆ ಇದ್ದುಬಿಡುತ್ತಾಳೆ ಎಂದು ನೆನೆಯುತ್ತ ಉಳಿದ ಸ್ಕ್ರೂಗಳನ್ನು ಒಂದೊಂದಾಗಿ ಎಣಿಸತೊಡಗಿದರು.

ಅವಳು ಇಳಿದು ಬಂದಾಗ ಮುಖ ಏನನ್ನೂ ಹೇಳುತ್ತಿರಲಿಲ್ಲ. ನೇರ ಮೇಜಿನ ಹತ್ತಿರ ಹೋಗಿ, ಕಂಪ್ಯೂಟರಿನ ಡಬ್ಬದ ಹಿಂದೆ ಕೈ ಹಾಕಿ ತಡಕಿ, ಟಕ್ ಎನ್ನಿಸಿದಳು. ಮುಂದಿನ ಗುಂಡಿ ಒತ್ತಿದಳು. ಫ್ಯಾನು ಭರ್ರೆಂದು ತಿರುಗಿತು, ದೀಪ ಹತ್ತಿತು.

"ಹಿಂದೆ ಇನ್ನೊಂದು ಸ್ವಿಚ್ ಇರತ್ತೆ. ನೀವು ಹಾಕೇ ಇಲ್ಲ."

"ನಿಂಗೆ ಹೇಗೆ ಗೊತ್ತಾಯ್ತು?"

"ಕಂಪ್ಯೂಟರ್ ಕಂಪನಿಯ ಸಹಾಯವಾಣಿ ಕೆಲಸ ರೀ ಅದು. ಆನ್ ಆಗ್ತಿಲ್ಲ ಅಂತ ಗಿರಾಕಿ ಒದ್ದಾಡ್ತಿದ್ದಾನೆ, ಏನು ಹೇಳ್ತೀರಿ ಅಂತ ಕೇಳಿದ್ರು. ಬೆಳಗ್ಗಿಂದ ನೋಡಿದ್ದನ್ನೇ ಹೇಳ್ದೆ. ಸುತ್ತ ನಿಂತು ಸಲಹೆ ಕೊಡ್ತಿರೋರನ್ನ ಮೊದಲು ಹೊರಗೆ ಕಳಿಸಿ ಅಂತೀನಿ ಅಂದೆ. ಬಿದ್ದು ಬಿದ್ದು ನಕ್ಕರು. ಹಿಂದಿನ ಸ್ವಿಚ್ ನೋಡಿ ಅನ್ನೋದನ್ನೂ ಸೇರಿಸ್ಕೊಳ್ಳಿ ಅಂದ್ರು. ಕೆಲಸ ಸಿಕ್ತು!"

ಮೇಷ್ಟ್ರ ಎದೆ ಫುಟ್‌ಬಾಲಿನಂತೆ ಉಬ್ಬಿತು. "ಅಂದ್ರೆ ಕಂಪನೀದು ತಂದಿದ್ರೆ ನಿಂಗೆ ಕೆಲಸವೇ ಸಿಕ್ತಿರ್ಲಿಲ್ಲ!"

"ನಾನು ಹೇಳಿರ್ಲಿಲ್ವಾ ಭಾವ?" ಎಂದ, ಅದೆಲ್ಲಿಂದಲೋ ಪ್ರತ್ಯಕ್ಷನಾದ ಭಾವಮೈದುನ.

"ಹೌದು. ಆದ್ರೆ ಕೆಲಸಕ್ಕೆ ಅವರೇ ಕಂಪ್ಯೂಟರ್ ಕಳಿಸ್ತಾರಂತೆ. ಅದರಲ್ಲೇ ಮಾಡ್ಬೇಕಂತೆ," ಎಂದಳು ಹೆಂಡತಿ.

"ಹಾಗಾದ್ರೆ ಇದು?" ಎಂದರು ಮೇಷ್ಟ್ರು.

ಆ ಮಾತು ಮುಗಿಯುವಷ್ಟರಲ್ಲಿ ಡಬ್ಬದೊಳಗೆ ಪಟ್ ಎಂದಿತು. ಫ್ಯಾನು ನಿಂತಿತು. ಸುಟ್ಟ ವಾಸನೆ ಕೋಣೆಯೆಲ್ಲ ಹರಡಿತು. ಭಾವಮೈದುನನಿಗೆ ಮತ್ತೊಂದು ಅರ್ಜೆಂಟ್ ಕೆಲಸ ನೆನಪಾಯಿತು.

ಮೇಷ್ಟ್ರು ಹೆಂಡತಿಯ ಕಡೆ ದೀನವಾಗಿ ತಿರುಗಿದರು. "ಈಗೇನು ಮಾಡೋದೇ?"

ಅವಳು ಗಂಟಲು ಸರಿಮಾಡಿಕೊಂಡಳು. ಮೇಷ್ಟ್ರು ಮದುವೆಯಾದಂದಿನಿಂದ ಕೇಳದಷ್ಟು ಸಿಹಿಯಾದ ದನಿಯಲ್ಲಿ ಹೇಳಿದಳು:

"ಕ್ಷಮಿಸಿ ಸರ್, ಮನೇಲಿ ಜೋಡಿಸಿದ್ದಕ್ಕೆಲ್ಲ ನಾವು ಜವಾಬ್ದಾರರಲ್ಲ."