ನನ್ನ ವಾಂತಿ, ಮಾವನ ಉಸ್ತುವಾರಿ

ನಮ್ಮ ಮನೆಯಲ್ಲಿ ಬಸುರಿಯಾದದ್ದು ನಾನು ಎಂದು ನೀವು ತಿಳಿದಿದ್ದರೆ ಅದು ಶುದ್ಧ ತಪ್ಪು ತಿಳಿವಳಿಕೆ. ಹೊಟ್ಟೆ ನನ್ನದು, ನಿಜ. ಓಕರಿಕೆಯೂ ನನ್ನದೇ. ಆದರೆ ಆ ಓಕರಿಕೆ ಯಾವಾಗ ಬರಬೇಕು, ಬಂದರೆ ಎಷ್ಟು ಹೊತ್ತು ಇರಬೇಕು, ಏನು ಕೊಟ್ಟರೆ ತೊಲಗಬೇಕು ಎಂಬ ತೀರ್ಮಾನವೆಲ್ಲ ನನ್ನ ಮಾವನವರದು!

ಮಾವ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಸ್ಕೂಲು ಬಿಟ್ಟರೂ ಅವರ ಗಂಟಲು ಸ್ಕೂಲು ಬಿಟ್ಟಿಲ್ಲ. ದಟ್ಟಗಳ್ಳಿಯ ನಮ್ಮ ಮನೆಯ ಹಾಲ್‌ನಲ್ಲಿ ಕೂತು ಅವರು ‘ಕಾಫಿ’ ಅಂದರೆ ಹಿಂದಿನ ರಸ್ತೆಯವರು ಹಾಲು ಬಿಸಿಗಿಡಬೇಕು, ಹಾಗಿದೆ ದನಿ. ಜಗತ್ತಿನಲ್ಲಿ ಕಾಯಿಲೆ ಎಂಬುದೇ ಇಲ್ಲ, ಇರುವುದೆಲ್ಲ ಶಿಸ್ತಿನ ಕೊರತೆ ಎಂಬುದು ಅವರ ಸಿದ್ಧಾಂತ. ನೆಗಡಿಗೂ ಅದೇ, ಸೊಂಟ ನೋವಿಗೂ ಅದೇ. ಇನ್ನು ನನ್ನ ವಾಂತಿಯನ್ನು ಬಿಡುತ್ತಾರೆಯೇ?

ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳುವುದು ಬೇಡ ಎಂದು ನಾನೂ ನನ್ನ ಗಂಡನೂ ಮಾತಾಡಿಕೊಂಡಿದ್ದೆವು. ಅತ್ತೆಗೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಎದ್ದವಳೇ ಬಚ್ಚಲುಮನೆಗೆ ಓಡಿ, ಸದ್ದಾಗದ ಹಾಗೆ ಬಾಯಿಗೆ ಟವೆಲ್ ಒತ್ತಿಕೊಂಡು ಕಕ್ಕುತ್ತಿದ್ದೇನೆ, ಬಾಗಿಲಾಚೆಯಿಂದ ಗುಡುಗು.

“ಯಾರಮ್ಮಾ ಒಳಗೆ? ಬಾಯಲ್ಲಿ ಉಸಿರು ತಗೋಬೇಡ! ಮೂಗಲ್ಲಿ ತಗೋ! ಒಳಗೆ... ಹೊರಗೆ... ಒಳಗೆ... ಹೊರಗೆ...”

ವಾಂತಿಗೂ ತಾಳ! ನಾನು ಹೊರಗೆ ಬಂದಾಗ ಮಾವ ನನ್ನ ಮುಖವನ್ನು ಒಮ್ಮೆ ನೋಡಿದರು, ಬೂಟಿನ ದಾರ ಬಿಗಿದರು, ವಾಕಿಂಗ್‌ಗೆ ಹೊರಟೇಬಿಟ್ಟರು. ಪಾಪ, ಏನೂ ಗೊತ್ತಾಗಲಿಲ್ಲ ಎಂದು ನಾನು ನೆಮ್ಮದಿಯಿಂದ ಮಲಗಿದೆ. ಅವರು ಪಾರ್ಕಿನಿಂದ ವಾಪಸು ಬರುವ ಮೊದಲೇ ಊರಿನ ಆ ಕಡೆಯ ಒಂಟಿಕೊಪ್ಪಲಿನಿಂದ ನನ್ನ ಅಮ್ಮನ ಫೋನು ಬಂತು.

“ಅಲ್ವೇ, ಹೆತ್ತ ತಾಯಿಗೆ ಹೇಳೋಕ್ಕಾಗ್ಲಿಲ್ವಾ ನಿಂಗೆ? ನಿಮ್ಮ ಮಾವನ ಜೊತೆ ವಾಕ್ ಮಾಡೋರ ನಾದಿನಿ ನಮ್ಮ ಪಕ್ಕದ ಬೀದಿ ಕಣೇ. ಅವ್ರು ಬಂದು ನಂಗೆ ಸಕ್ಕರೆ ಕೊಟ್ರು!”

ನನ್ನ ಮಗುವಿನ ಸುದ್ದಿಗೆ ನನ್ನ ಅಮ್ಮನಿಗೆ ಯಾರೋ ಸಕ್ಕರೆ ಕೊಡುವುದೇ? ನೀವೇ ಹೇಳಿ, ಕೋಪ ಬರಬೇಕೋ ಬೇಡವೋ?

ಪಾರ್ಕಿನಿಂದ ಮಾವ ಬರಿಗೈಯಲ್ಲಿ ಬರಲಿಲ್ಲ. ಅಲ್ಲಿರುವ ನಿವೃತ್ತರೆಲ್ಲ ಸೇರಿ ನನ್ನ ಹೊಟ್ಟೆಯ ಮೇಲೆ ಚರ್ಚೆ ನಡೆಸಿ, ತಲೆಗೊಂದು ಮನೆಮದ್ದು ಹೇಳಿ ಕಳಿಸಿದ್ದರು. ಅದೇ ದಿನ ಮಾರ್ಕೆಟ್ಟಿಗೆ ಹೋದ ಮಾವ ಒಂದು ಚೀಲ ಶುಂಠಿ ತಂದು ಅಡುಗೆಮನೆಯಲ್ಲಿ ಸುರಿದರು. ಬೆಳಿಗ್ಗೆ ಶುಂಠಿ ಕಷಾಯ, ತಿಂಡಿಯ ಜೊತೆ ಉಪ್ಪಿನಲ್ಲಿ ಅದ್ದಿದ ಶುಂಠಿ ಚೂರು, ಮಧ್ಯಾಹ್ನ ಶುಂಠಿ ತಂಬುಳಿ, ಸಂಜೆ ಬೆಲ್ಲದ ಜೊತೆ ಒಣಶುಂಠಿ. ವಾರ ಕಳೆಯುವಷ್ಟರಲ್ಲಿ ನಾನು ಬೆವೆತರೂ ಶುಂಠಿ ವಾಸನೆ! ಎದೆಯುರಿ ಬೇರೆ ಶುರುವಾಯಿತು. “ಮಾವ, ಉರೀತಿದೆ” ಅಂದರೆ, “ಉರೀಬೇಕು ಕಣಮ್ಮ! ಅದು ಕೆಲಸ ಮಾಡ್ತಾ ಇದೆ ಅಂತ ಅರ್ಥ!” ಎನ್ನುತ್ತಿದ್ದರು. ನಾನು ಬಸುರಿಯೋ, ಇಡ್ಲಿ ಒಲೆಯೋ?

ನನ್ನ ಗಂಡನಿಗೆ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಹೇಳಿದೆ. ಕಾರ್ಖಾನೆಯಲ್ಲಿ ಅಷ್ಟು ಜನರನ್ನು ಗದರಿಸಿ ಕೆಲಸ ತೆಗೆಯುವ ಈ ಮಹಾನುಭಾವರು ಅಪ್ಪನ ಮುಂದೆ ಈಗಲೂ ಆರನೇ ಕ್ಲಾಸು. ಅಪ್ಪ ಕೆಮ್ಮಿದರೆ ಇವರ ಬೆನ್ನು ನೆಟ್ಟಗಾಗುತ್ತದೆ. “ಸ್ವಲ್ಪ ದಿನ ಅಡ್ಜಸ್ಟ್ ಮಾಡ್ಕೊ” ಎಂದು ಪಿಸುಗುಟ್ಟಿ ಡ್ಯೂಟಿಗೆ ಹೋದರು.

ಆಮೇಲೆ ಬಂತು ನಿಂಬೆಹಣ್ಣಿನ ಕಾಲ. ವಾಕರಿಕೆ ಬಂದಾಗ ನಿಂಬೆ ಮೂಸಿದರೆ ಹಿತ ಎಂದು ಯಾರೋ ಹೇಳಿದ್ದರು. ನಿಜ ಹೇಳಬೇಕೆಂದರೆ ಹಿತವಾಗಿಯೇ ಇತ್ತು. ಆದರೆ ಒಂದು ನಿಂಬೆಹಣ್ಣಿಗೆ ನಿಲ್ಲುವ ಜಾಯಮಾನವೇ ಮಾವನದು? ನನ್ನ ದಿಂಬಿನ ಪಕ್ಕ, ಸ್ಕೂಟರ್ ಡಿಕ್ಕಿಯಲ್ಲಿ, ಕೈಚೀಲದಲ್ಲಿ, ಊಟದ ಡಬ್ಬಿಯೊಳಗೆ, ಎಲ್ಲಿ ಕೈ ಹಾಕಿದರೂ ನಿಂಬೆಹಣ್ಣು. ನಾನು ಕೆಲಸ ಮಾಡುವ ಆಫೀಸಿನಲ್ಲಿ ಪ್ರಮೋಷನ್ನಿಗೆ ನನ್ನ ಜೊತೆ ಕಾಯುತ್ತಿದ್ದವಳು ಪಕ್ಕದ ಮೇಜಿನವಳು. ಒಂದು ದಿನ ಫೈಲು ತೆಗೆಯಲು ಹೋದಾಗ ನನ್ನ ಚೀಲ ಉರುಳಿ, ನಿಂಬೆಹಣ್ಣುಗಳು ಸಾಲಾಗಿ ಹೋಗಿ ಅವಳ ಕಾಲ ಬಳಿಯೇ ನಿಂತವು. ಅವಳ ಮುಖ ಬಿಳಿಚಿಕೊಂಡಿತು. ಮಾರನೆಯ ದಿನ ಅವಳ ಕೈಯಲ್ಲೊಂದು ಕರಿದಾರ, ಮೇಜು ಕಿಟಕಿಯ ಪಕ್ಕಕ್ಕೆ! “ಅದು ವಾಂತಿಗೆ ಕಣೇ” ಎಂದು ನಾನು ಹೇಳಿದ್ದೇ ತಪ್ಪಾಯಿತು. “ಯಾರ ವಾಂತಿಗೆ?” ಎಂದು ಇನ್ನಷ್ಟು ಹೆದರಿದಳು.

ಇಷ್ಟಾದರೂ ವಾಂತಿ ನಿಲ್ಲಲಿಲ್ಲ. ಮಾವ ಸೋಲೊಪ್ಪಲಿಲ್ಲ. ತಪ್ಪು ಮದ್ದಿನದಲ್ಲ, ವಾಸನೆಯದು ಎಂದು ಕಂಡುಹಿಡಿದರು. ಮನೆಯಲ್ಲಿ ಒಗ್ಗರಣೆ ನಿಷೇಧವಾಯಿತು. ಇಂಗು, ಬೆಳ್ಳುಳ್ಳಿ ಮೇಲಟ್ಟ ಸೇರಿದವು. ಒಗ್ಗರಣೆಯಿಲ್ಲದ ಹುರುಳಿ ಸಾರು ನೋಡಿ ಅತ್ತೆ, “ಇದನ್ನ ಕೊಟ್ರೆ ಎಮ್ಮೆನೂ ಮೂಸಲ್ಲ” ಎಂದರು. ಮಾವ ಅಷ್ಟಕ್ಕೆ ನಿಲ್ಲದೆ ಮಹಡಿಯ ಮೇಲಿನ ಬಾಡಿಗೆಯವರ ಮನೆಗೆ ಹೋಗಿ ಬೆಲ್ ಒತ್ತಿದರು.

“ನೋಡಿ ತಾಯಿ, ನಮ್ ಸೊಸೆಗೆ ಆಗ್ತಾ ಇಲ್ಲ. ಒಂದಷ್ಟು ದಿನ ಮೀನು ಹುರೀಬೇಡಿ.”

“ನಿಮ್ಮ ಸೊಸೆ ಬಸ್ರಿ ಅಂದ್ಬುಟ್ಟು ನಾವು ಉಪಾಸ ಇರ್ಬೇಕಾ ಸಾರ್? ನಾವೂ ಹೆತ್ತೋರೇ ಕಣ್ರೀ!”

ಮೆಟ್ಟಿಲ ಕೆಳಗೆ ನಿಂತು ಇದನ್ನು ಕೇಳಿಸಿಕೊಂಡ ನನಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಅದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ ಕೇಳಿ. ಅಷ್ಟೂ ದಿನ ನನ್ನ ಕರುಳನ್ನೇ ಕಿತ್ತು ಬಾಯಿಗೆ ತರುತ್ತಿದ್ದ ವಾಸನೆ ಒಗ್ಗರಣೆಯದೂ ಅಲ್ಲ, ಮೀನಿನದೂ ಅಲ್ಲ. ಮಾವ ಬೆಳಿಗ್ಗೆ ಎದ್ದು ಮಂಡಿಗೆ ತಿಕ್ಕಿಕೊಳ್ಳುತ್ತಿದ್ದ ನೋವಿನೆಣ್ಣೆಯದು! ಹೇಳುವುದು ಹೇಗೆ? ಕೊನೆಗೆ ಅತ್ತೆಯೇ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡು ಹೇಳಿದರು. “ಊರಲ್ಲೆಲ್ಲ ವಾಸ್ನೆ ಹುಡುಕ್ತೀರಲ್ಲ, ನಿಮ್ಮ ಮಂಡಿ ಮೂಸ್ಕೊಂಡು ನೋಡಿ.” ಮಾವ ಎಣ್ಣೆ ಸೀಸೆಯನ್ನೂ ಇಂಗು, ಬೆಳ್ಳುಳ್ಳಿಯ ಜೊತೆ ಮೇಲಟ್ಟಕ್ಕೆ ಸೇರಿಸಿದರು. ಅಂದಿನಿಂದ ಎಣ್ಣೆ ಬಂದ್. ಕುಂಟುತ್ತಾ ಪಾರ್ಕಿಗೆ ಹೋಗಿ, ಕುಂಟುತ್ತಾ ಬಂದು, ಅಲ್ಲಿಂದ ಇನ್ನೊಂದು ಮದ್ದು ತರುತ್ತಿದ್ದರು. ಕೋಪ ಮಾಡಿಕೊಳ್ಳುವ ನನ್ನ ಹಕ್ಕನ್ನೂ ಹೀಗೆ ಕಸಿದುಕೊಂಡರೆ ಮನುಷ್ಯರು ಬದುಕುವುದು ಹೇಗೆ?

ಅಷ್ಟರಲ್ಲಿ ನನ್ನ ಸ್ಥಿತಿ ನಗುವಂಥದ್ದಾಗಿ ಉಳಿದಿರಲಿಲ್ಲ. ಅನ್ನ ಹೋಗಲಿ, ಕುಡಿದ ನೀರೂ ನಿಲ್ಲುತ್ತಿರಲಿಲ್ಲ. ತುಟಿ ಒಡೆದಿತ್ತು. ಮೂತ್ರ ಕಡಿಮೆಯಾಗಿ ಗಾಢ ಹಳದಿಗೆ ತಿರುಗಿತ್ತು. ಎದ್ದು ನಿಂತರೆ ಗೋಡೆಗಳು ತಿರುಗುತ್ತಿದ್ದವು. ಅಂಥ ಒಂದು ಬೆಳಿಗ್ಗೆ ಮಾವ ಲೋಟದಲ್ಲಿ ಕಪ್ಪಗಿನ ಏನನ್ನೋ ಹಿಡಿದು ಬಂದರು. ಪಾರ್ಕಿನ ಗೆಳೆಯರೊಬ್ಬರು ಯಾರೋ ನಾಟಿ ವೈದ್ಯರಿಂದ ತರಿಸಿಕೊಟ್ಟ ಪುಡಿಯಂತೆ.

“ಇದೊಂದು ಕುಡ್ದ್‌ಬುಡಮ್ಮ. ನ್ಯಾಚುರಲ್ಲು. ಏನೂ ಆಗಲ್ಲ.”

ನನಗೆ ಎಲ್ಲಿತ್ತೋ ಶಕ್ತಿ, ಎದ್ದು ಕೂತು ಕಿರುಚಿದೆ. “ಮಾವ, ನಾನು ನಿಮ್ಮ ಸ್ಕೂಲಿನ ಫೀಲ್ಡ್ ಅಲ್ಲ! ಬಂದೋರೆಲ್ಲ ಓಡಾಡೋಕೆ! ನನಗೆ ಬೇಡ ಅಂದ್ರೆ ಬೇಡ!”

ಆ ಮನೆಯಲ್ಲಿ ಅವರಿಗಿಂತ ಜೋರಾಗಿ ಯಾರೂ ಕಿರುಚಿದ್ದಿಲ್ಲ. ಅತ್ತೆ ಬಂದು ಗಂಡನ ಕೈಯಿಂದ ಲೋಟ ತೆಗೆದುಕೊಂಡು ಸಿಂಕಿಗೆ ಸುರಿದರು. “ಅದರೊಳಗೆ ಏನು ಹಾಕವ್ರೆ ಅಂತ ನಿಮಗೆ ಗೊತ್ತಾ? ಗೊತ್ತಿಲ್ವಲ್ಲ? ಆಟೋ ಕರೀರಿ. ಡಾಕ್ಟ್ರ ಹತ್ರ ಹೋಗಣ.”

ಆಸ್ಪತ್ರೆಯಲ್ಲಿ ನನಗೆ ಡ್ರಿಪ್ ಹಾಕಿದರು. ಡಾಕ್ಟರಮ್ಮ ಹಾಸಿಗೆಯ ಪಕ್ಕ ಬಂದು, “ಎಷ್ಟು ದಿನದಿಂದ ಹೀಗೆ? ಏನೇನು ತಗೊಂಡ್ರಿ?” ಎಂದು ನನ್ನನ್ನು ಕೇಳಿದರು. ಉತ್ತರ ಬಂದದ್ದು ಬಾಗಿಲ ಕಡೆಯಿಂದ. ಮಾವ ಅಟೆನ್ಷನ್‌ನಲ್ಲಿ ನಿಂತು ಶುಂಠಿಯಿಂದ ಹಿಡಿದು ಸಿಂಕಿಗೆ ಸುರಿದ ಕರಿಪುಡಿಯವರೆಗೆ ಎಲ್ಲವನ್ನೂ ಒಪ್ಪಿಸಿದರು. ಡಾಕ್ಟರಮ್ಮ ಕನ್ನಡಕ ಸರಿ ಮಾಡಿಕೊಂಡು, “ಸಾರ್, ಗರ್ಭಿಣಿ ಯಾರು? ನೀವಾ, ಅವರಾ?” ಎಂದರು. ಡ್ರಿಪ್ ಹಾಕಿದ ಕೈಯಲ್ಲೂ ಚಪ್ಪಾಳೆ ತಟ್ಟುವಷ್ಟು ಖುಷಿಯಾಯಿತು ನನಗೆ!

ಅವರು ಹೇಳಿದ್ದು ಇಷ್ಟೇ. ಶುಂಠಿ, ನಿಂಬೆ ಕೆಟ್ಟದ್ದಲ್ಲ, ಆದರೆ ಸ್ವಲ್ಪ ಸ್ವಲ್ಪ, ಅದೂ ಹಿತವಾದರೆ ಮಾತ್ರ. ಬೆಳಿಗ್ಗೆ ಏಳುವ ಮೊದಲೇ ಹಾಸಿಗೆಯಲ್ಲೇ ಒಣ ತಿಂಡಿ ಏನಾದರೂ ನಾಲ್ಕು ಕಾಳು ಬಾಯಿಗೆ ಹಾಕಿಕೊಳ್ಳಬೇಕು. ಹೊಟ್ಟೆ ಖಾಲಿ ಬಿಡಬಾರದು, ತುಂಬಲೂಬಾರದು. ನೀರು ಗುಟುಕು ಗುಟುಕಾಗಿ. ಗೊತ್ತಿಲ್ಲದ ಪುಡಿ ಖಂಡಿತ ಬೇಡ. ನೀರೂ ನಿಲ್ಲದಿದ್ದರೆ ಮನೆಯಲ್ಲಿ ಪ್ರಯೋಗ ಮಾಡುತ್ತಾ ಕೂರದೆ ನೇರ ಆಸ್ಪತ್ರೆಗೆ ಬರಬೇಕು. ವಾಂತಿಗೆ ಮಾತ್ರೆಯನ್ನೂ ಬರೆದುಕೊಟ್ಟರು. ಮಗು ಚೆನ್ನಾಗಿದೆ ಎಂದು ಅವರು ಹೇಳಿದಾಗ ಮಾವ ಬಾಗಿಲಿಂದ ಆಚೆ ಹೋಗಿ, ತುಂಬಾ ಹೊತ್ತಾದ ಮೇಲೆ ಒಳಗೆ ಬಂದರು.

ಮನೆಗೆ ಬಂದ ಮೇಲೆ ನಿಧಾನಕ್ಕೆ ಸುಧಾರಿಸಿಕೊಂಡೆ. ಈಗ ಮಾವನ ಶಿಸ್ತು ಡಾಕ್ಟರಮ್ಮನ ಕಡೆಗೆ ತಿರುಗಿತು. ನಾನು ಕಣ್ಣು ಬಿಡುವ ಮೊದಲೇ ಬಾಗಿಲ ಹೊರಗೆ ಕಡ್ಲೆಪುರಿಯ ಬಟ್ಟಲು ಹಿಡಿದ ಅತ್ತೆ, ಅವರ ಹಿಂದೆ ಮಾವ. “ಗುಟುಕು! ಗುಟುಕು! ಗಟಗಟ ಅಲ್ಲ!” ಎನ್ನುವ ಕೂಗಂತೂ ನಿಲ್ಲಲಿಲ್ಲ. ನನಗೂ ಕೋಪ ನಿಲ್ಲಲಿಲ್ಲ.

ಒಂದು ಮಧ್ಯಾಹ್ನ ನಾನೂ ಅತ್ತೆಯೂ ಹಾಲ್‌ನ ದಿವಾನದ ಮೇಲೆ ಕೂತಿದ್ದೆವು. ಮಾವ ಪೇಪರ್ ಓದುತ್ತಾ, ಎಂದಿನಂತೆ ಊರಿಗೆಲ್ಲ ಕೇಳುವ ಹಾಗೆ, “ಈಗಿನವರಿಗೆ ತ್ರಾಣವೇ ಇಲ್ಲ ಕಣಮ್ಮ. ನಿಮ್ಮತ್ತೆನ ನೋಡು. ನಿನ್ನ ಗಂಡ ಹೊಟ್ಟೇಲಿದ್ದಾಗ ಒಂದಿನ, ಒಂದೇ ಒಂದಿನ ವಾಂತಿ ಮಾಡ್ಲಿಲ್ಲ!” ಎಂದರು.

ನಾನು ಜಗಳಕ್ಕೆ ಬಾಯಿ ತೆರೆದಿದ್ದೆ. ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆಯೆತ್ತದೆ ಕೇಳಿದರು. “ಯಾರು ಹೇಳಿದ್ದು ನಿಮಗೆ?”

“ಯಾರು ಹೇಳ್ಬೇಕು? ನಾನು ನೋಡಿಲ್ವಾ?”

“ಏನು ನೋಡಿದ್ರಿ? ನೀವು ಬೆಳಿಗ್ಗೆನೇ ಹುಡುಗರನ್ನ ಓಡ್ಸಕ್ಕೆ ಹೋಗೋರು. ಮನೆ ತುಂಬ ಜನ. ನಿಮ್ಮಮ್ಮಂಗೆ ಕೇಳಿಸ್ಬಾರ್ದು ಅಂತ ನಲ್ಲಿ ಜೋರಾಗಿ ತಿರುಗಿಸ್ಬುಟ್ಟು ಕಕ್ಕೋಳು ನಾನು. ಆಮೇಲೆ ಮುಖ ತೊಳ್ಕೊಂಡು ಬಂದು ಎಲ್ಲರಿಗೂ ಮುದ್ದೆ ಕಟ್ಟೋಳು. ಐದು ತಿಂಗಳಗಂಟ ಅಂಗೇ ಇತ್ತು.” ಅವರ ದನಿಯಲ್ಲಿ ದೂರಿರಲಿಲ್ಲ. ಸಂತೆಯಲ್ಲಿ ಏನು ತಂದೆ ಎಂದು ಹೇಳುವ ಹಾಗೆ ಹೇಳಿ ಇನ್ನೊಂದು ಕಾಯಿ ಸುಲಿದರು.

“ನಂಗೆ ಹೇಳ್ಬೇಕಿತ್ತಲ್ಲ ನೀನು?” ಮಾವ ಕೇಳಿದರು. ಅಷ್ಟು ಸಣ್ಣ ದನಿ ಅವರಲ್ಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

“ಹೇಳಿ ಏನಾಗೋದು? ಬುಡಿ ಅತ್ಲಾಗೆ.”

ಮಾವ ಪೇಪರ್ ಮಡಿಸಿಟ್ಟು, ಮಂಡಿ ಹಿಡಿದುಕೊಂಡು ಎದ್ದು ಅಡುಗೆಮನೆಗೆ ಹೋದರು. ಡಬ್ಬಿ ತೆಗೆದ, ಬೆಲ್ಲ ಕುಟ್ಟಿದ ಸದ್ದು ಬಂತು. ಲೋಟ ಹಿಡಿದು ಬಂದಾಗ, ಆಯಿತು, ಇನ್ನೊಂದು ಪ್ರಯೋಗ ಎಂದು ಗೊಣಗುತ್ತಾ ನಾನು ಕೈ ಚಾಚಿದೆ. ಅವರು ನನ್ನನ್ನು ದಾಟಿ ಹೋಗಿ ಲೋಟವನ್ನು ಅತ್ತೆಯ ಮುಂದೆ ಹಿಡಿದರು.

“ಏನಿದು?”

“ಪಾನಕ. ಕುಡಿ.”

“ಈಗ್ಯಾಕ್ರೀ ನಂಗೆ?”

ಮಾವ ಲೋಟ ಹಿಡಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡು ಲೋಟ ತೆಗೆದುಕೊಂಡರು. ಒಂದು ಗುಟುಕು ಕುಡಿದು ಬಾಯಿ ಚಪ್ಪರಿಸಿದರು. “ಬೆಲ್ಲ ಕಮ್ಮಿ ಆಗದೆ” ಎಂದರು. ಆದರೂ ಲೋಟ ಕೆಳಗಿಡದೆ, ನಿಧಾನವಾಗಿ, ತಳದವರೆಗೂ ಕುಡಿದರು. ಆಮೇಲೆ ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ತಳ್ಳಿ, ದಿವಾನದ ಮೇಲೆ ಸ್ವಲ್ಪ ಸರಿದು, ಗಂಡನಿಗೆ ಕೂರಲು ಜಾಗ ಮಾಡಿದರು.