ಎಲ್ಲೂರಿನಲ್ಲೊಂದು ಪಂಕ್ಚರ್

ಸರ್ವೋತ್ತಮ ಐವತ್ತು ದಾಟಿದ ಮೇಲೆ ಸೈಕಲ್ ಏರಿದ್ದು ಆರೋಗ್ಯಕ್ಕಾಗಿ ಎಂದು ಬನ್ನಂಜೆಯವರೆಲ್ಲ ನಂಬಿದ್ದರು. ನಿಜವಾಗಿ ಅವನು ಏರಿದ್ದು ಒಂದು ವಾಟ್ಸಾಪ್ ಸಂದೇಶದ ದೆಸೆಯಿಂದ.

ಹೋದ ವರ್ಷ ಅವನ ಬಾಲ್ಯದ ಗೆಳೆಯ, ಎಲ್ಲೂರಿನ ದೇಜಪ್ಪ, ಮಗಳು ಮೋಕ್ಷಾಳ ಮದುವೆಯ ಕರೆಯೋಲೆಯನ್ನು ಫೋನಿನಲ್ಲಿ ಕಳುಹಿಸಿದ್ದ. ಮನೆಗೆ ಬಂದು, ಚಾವಡಿಯಲ್ಲಿ ಕುಳಿತು, ಬೆಲ್ಲ ನೀರು ಕುಡಿದು ಕರೆಯದ ಮದುವೆಗೆ ಹೋಗುವುದು ಹೇಗೆ? ಸರ್ವೋತ್ತಮ ಹೋಗಲಿಲ್ಲ. ಆದರೆ ಆ ದಿನ ಹೊಸ ಅಂಗಿ ತೊಟ್ಟು, ಮದುವೆಯೂಟ ಮುಗಿಯುವ ಹೊತ್ತಿನವರೆಗೂ ಫೋನನ್ನೇ ನೋಡುತ್ತ ಮನೆಯಲ್ಲಿ ಕುಳಿತಿದ್ದ. ಮೋಕ್ಷಾಳಿಗೆ ಸೈಕಲ್ ಕಲಿಸಿದವನು ಅವನೇ. ಸೀಟು ಹಿಡಿದುಕೊಂಡು ಗದ್ದೆಯ ಬದಿಯಲ್ಲಿ ಏದುಸಿರು ಬಿಡುತ್ತ ಓಡಿದವನೂ ಅವನೇ. ಅಂದಿನಿಂದ ಗೆಳೆಯರಿಗೆ ಮಾತಿಲ್ಲ. ಮೊದಲು ಬಾಯಿ ಬಿಟ್ಟವನು ಸೋತಂತೆ ಎಂಬ ಹಟ ಇಬ್ಬರಲ್ಲೂ ಸಮನಾಗಿ ಬೆಳೆದಿತ್ತು.

ನವರಾತ್ರಿ ಕಳೆದ ಭಾನುವಾರ, ಬ್ಯಾಂಕಿನ ಸುಕೇಶನ ಸೈಕಲ್ ಬಳಗ ಕಾಪು ದಾರಿಯಾಗಿ ಎಲ್ಲೂರಿಗೆ ಹೋಗುತ್ತದೆಂದು ತಿಳಿದಾಗ ಸರ್ವೋತ್ತಮನಿಗೆ ಉಪಾಯ ಹೊಳೆಯಿತು. ತಾನೂ ಅವರ ಜೊತೆ ಸೈಕಲ್ ಏರಬೇಕು. ದೇಜಪ್ಪನ ಗೇಟಿನ ಎದುರಿಗೇ ಟಯರು ಪಂಕ್ಚರ್ ಆಗಬೇಕು. ತಾನೊಬ್ಬನೇ ನಿಂತಿರಬೇಕು. ಅವನು ಹೊರಬಂದು "ಎಂತ ಆಯ್ತು?" ಎನ್ನಬೇಕು. ಅಲ್ಲಿಗೆ ಮೊದಲು ಬಾಯಿ ಬಿಟ್ಟವನು ಅವನಾದ!

ಹೊರಡುವಾಗ ಹೆಂಡತಿ ಕುಶಲಾ ಬಾಗಿಲಿಗೆ ಬಂದಳು. "ಎಲ್ಲೂರಿಗೆ ಅಲ್ವಾ? ಸೀದಾ ಒಳಗೆ ಹೋಗಿ ಮಾತಾಡಿ ಬನ್ನಿ."

"ನಾನೆಂತಕ್ಕೆ ಅವನ ಮನೆಗೆ ಹೋಗ್ಬೇಕು? ನಾನು ಸೈಕಲ್ ಬಿಡ್ಲಿಕ್ಕೆ ಹೋಗುವುದು."

"ಸೈಕಲ್ ಬಿಡ್ಲಿಕ್ಕೆ ಮದುವೆಯ ಅಂಗಿ ಎಂತಕ್ಕೆ?"

ಸರ್ವೋತ್ತಮ ಸೈಕಲ್ಲಿನ ಗಂಟೆ ಬಾರಿಸಿ ಹೊರಟ.

ಬಳಗಕ್ಕೊಂದು ನಿಯಮವಿತ್ತು: ಯಾರನ್ನೂ ಹಿಂದೆ ಬಿಡುವುದಿಲ್ಲ. ಅದರ ಭಾರ ಅವನಿಗೆ ತಿಳಿದದ್ದು ಕಾಪುವಿನಲ್ಲಿ. ಅವನು ನಿಧಾನಿಸಿದರೆ ಎಲ್ಲರೂ ನಿಧಾನಿಸಿದರು, ನಿಂತರೆ ನಿಂತರು. ಕೊನೆಗೆ ಅವನೆಂದ: "ನನಗೆ ಸ್ವಲ್ಪ ಸುಸ್ತು ಮಾರಾಯ್ರೆ. ನೀವು ಮುಂದೆ ಹೋಗಿ, ನಾನು ಮೆಲ್ಲ ಬರ್ತೇನೆ."

ಅಷ್ಟೇ ಸಾಕಾಯಿತು. ಬೂತಾಯಿ ಮೀನಿನ ಬುಟ್ಟಿಯನ್ನು ಬೆಕ್ಕುಗಳು ಮುತ್ತುವಂತೆ ಅವನನ್ನು ಮುತ್ತಿದರು. ಕುವೈತಿನಿಂದ ನಿವೃತ್ತನಾಗಿ ಬಂದ ಸ್ಟ್ಯಾನಿಸ್ಲಾಸ್ ಬಾಯಿಗೆ ಗ್ಲೂಕೋಸ್ ಸುರಿದ. ಮಣಿಪಾಲದಲ್ಲಿ ಕಲಿಯುವ ಲಿಡ್ವಿನ್ ಅಂಗಾಲು ತಿಕ್ಕಿದ. ಸುಕೇಶ್ ಆಂಬುಲೆನ್ಸಿಗೆ ಫೋನ್ ಹಚ್ಚಿದ.

"ಎದೆ ನೋವುಂಟಾ? ಎಡಗೈ ಜೋಮು ಹಿಡೀತದಾ?"

"ಎಂತ ಇಲ್ಲ! ಎಲ್ಲ ಸರಿ ಉಂಟು!" ಎಂದು ಅವರ ಕೈಯಿಂದ ಬಿಡಿಸಿಕೊಳ್ಳುವಷ್ಟರಲ್ಲಿ ಅವನಿಗೆ ನಿಜವಾಗಿಯೇ ಸುಸ್ತಾಗಿತ್ತು.

ಹೆದ್ದಾರಿ ಬಿಟ್ಟು ಒಳರಸ್ತೆ ಹಿಡಿದಾಗ ಗದ್ದೆಗಳಲ್ಲಿ ಪೈರು ಹಣ್ಣಾಗಿ ಬಾಗಿತ್ತು. ಮೋಕ್ಷಾಳ ಸೈಕಲ್ ಹಿಡಿದು ಸರ್ವೋತ್ತಮ ಓಡಿದ್ದು ಈ ಗದ್ದೆಗಳ ಬದಿಯಲ್ಲೇ. ದೇಜಪ್ಪನ ಗೇಟು ಕಂಡದ್ದೇ ತಡ, ಚಪ್ಪಲಿ ಸರಿಪಡಿಸುವ ನೆಪದಲ್ಲಿ ಇಳಿದು, ಬಗ್ಗಿ, ಟಯರಿನ ಗಾಳಿಯನ್ನು ಪೂರ್ತಿ ಬಿಟ್ಟ.

"ಪಂಕ್ಚರ್!" ಎಂದು ಕೂಗಿದವನು ಅವನಲ್ಲ, ಸ್ಟ್ಯಾನಿಸ್ಲಾಸ್. ಮದುವೆಗೆ ದಿಬ್ಬಣ ಬಂದಷ್ಟು ಸಂಭ್ರಮ ಅವನಿಗೆ. "ಈ ರಿಪೇರಿ ಸಾಮಾನಿನ ಚೀಲ ಹೊತ್ತು ಹೊತ್ತು ಬೆನ್ನು ಬಿದ್ದುಹೋಯ್ತು ಮಾರಾಯ! ಇವತ್ತು ಒಬ್ಬನ ಟಯರಾದರೂ ಹೋಯ್ತಲ್ಲ!"

ಬಳಗವೆಲ್ಲ ಗೇಟಿನೆದುರು ನೆರೆಯಿತು. ಗದ್ದಲ ಕೇಳಿ ದೇಜಪ್ಪನ ಹೆಂಡತಿ ಸರಸ ಅಂಗಳಕ್ಕೆ ಬಂದಳು. ಅವಳ ಹಿಂದೆ ಚಾವಡಿಯ ಮೆಟ್ಟಿಲಲ್ಲಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು, ದೇಜಪ್ಪ. ಅವನ ತುಟಿ ಆಗಷ್ಟೇ ಅರಳತೊಡಗಿತ್ತು.

"ಅಂಕಲ್, ನಿಮ್ಮ ಗುರ್ತದವರಾ?" ಎಂದು ಲಿಡ್ವಿನ್ ಕೇಳಿದ.

ಇಷ್ಟು ಜನರ ಎದುರು ಸೋಲುವುದೆಂತು? ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಮಾತನ್ನು ಸರ್ವೋತ್ತಮ ಮೆಟ್ಟಿಲಿಗೂ ಕೇಳುವಂತೆ ಎಸೆದ: "ಗುರ್ತ ಎಂತದು? ಟಯರು ಹೋಯ್ತು, ಹಾಗೆ ನಿಂತದ್ದು. ಇಲ್ಲದಿದ್ದರೆ ನಾನು ಈ ಗೇಟಿನ ಹತ್ತಿರ ಕಾಲು ಊರುವವನಲ್ಲ."

ದೇಜಪ್ಪನ ತುಟಿ ಮುಚ್ಚಿತು. ಅವನು ಒಳಗೆ ಹೋಗಿ ಪಂಪು ತಂದು ಸುಕೇಶನ ಕೈಗಿತ್ತ. ಸುಕೇಶನಿಗೇ ಹೇಳಿದ: "ಗಾಳಿ ಹಾಕಿ ಹೊರಡಿ. ಬಿಸಿಲು ಏರ್ತದೆ." ಮರಳಿ ಒಳನಡೆದ.

ಸರಸ ಬೆಲ್ಲ ನೀರಿನ ತಟ್ಟೆ ಹಿಡಿದು ಸರ್ವೋತ್ತಮನ ಬಳಿ ಬಂದು ದನಿ ತಗ್ಗಿಸಿದಳು. "ಎಂತ ಹೇಳಿಬಿಟ್ಟಿರಿ ಸರ್ವೋತ್ತಮಣ್ಣ? ನೀವು ಮನಸ್ಸು ಮಾಡಿ ಬರ್ತಾ ಇದ್ದೀರಿ ಅಂತ ಕುಶಲಕ್ಕ ನಿನ್ನೆಯೇ ಫೋನ್ ಮಾಡಿದ್ದರು. ಇವರು ಬೆಳಿಗ್ಗೆಯಿಂದ ಮೆಟ್ಟಿಲಲ್ಲೇ. ನಿಮಗಂತ ನೀರುದೋಸೆ, ಕೋಳಿ ಪದಾರ್ಥ ಮಾಡಿಸಿದ್ದಾರೆ. ಮೋಕ್ಷಾಳನ್ನೂ ಕಾರ್ಕಳದಿಂದ ಕರೆಸಿದ್ದಾರೆ. ಮದುವೆಗೆ ಸರಿಯಾಗಿ ಕರೆಯದ್ದು ನನ್ನದೇ ತಪ್ಪು, ಇವತ್ತು ನಾನೇ ಮೊದಲು ಮಾತಾಡ್ತೇನೆ ಅಂತಿದ್ದರು."

ಸರ್ವೋತ್ತಮನ ಬಾಯಿಯ ಬೆಲ್ಲ ಅಲ್ಲೇ ಉಳಿಯಿತು. "ದೇಜಪ್ಪಾ..." ಎಂದು ಕರೆದ. ಎಷ್ಟೋ ತಿಂಗಳ ಮೇಲೆ, ಮೊದಲು ತಾನೇ ಕರೆದ. ಒಳಗೆ ಟಿ.ವಿ.ಯ ಸದ್ದು ಜೋರಾಯಿತು.

"ಪಂಕ್ಚರೇ ಅಲ್ಲವೋ, ಬರೇ ಗಾಳಿ ಹೋದದ್ದು," ಎಂದು ಸ್ಟ್ಯಾನಿಸ್ಲಾಸ್ ನಿರಾಶೆಯಿಂದ ಚೀಲ ಮುಚ್ಚಿದ.

"ನೀವು ಹೋಗಿ. ನಾನು ಸ್ವಲ್ಪ ಹೊತ್ತು ಇಲ್ಲೇ..." ಎಂದ ಸರ್ವೋತ್ತಮ.

"ಹೇಗೆ ಬಿಡುವುದು ಅಂಕಲ್? ಕಾಪುವಿನಲ್ಲೇ ನಿಮಗೆ ಹುಷಾರಿರಲಿಲ್ಲ. ನಮ್ಮಲ್ಲಿ ಯಾರನ್ನೂ ಹಿಂದೆ ಬಿಡುವುದಿಲ್ಲ!" ಸುಕೇಶ್ ಅವನನ್ನು ಸೀಟಿನ ಮೇಲೆ ಕೂರಿಸಿ ಬೆನ್ನು ತಟ್ಟಿ ನೂಕಿದ. ತಿರುವಿನಲ್ಲಿ ಹೊರಳಿ ನೋಡಿದಾಗ ಅಂಗಳದಲ್ಲಿ ಮೋಕ್ಷಾ ನಿಂತಿದ್ದಳು. ಕೈ ಎತ್ತಬೇಕೋ ಬೇಡವೋ ಎಂಬಂತೆ.

ಕಾಪುವಿನಲ್ಲಿ ಚಹಾಕ್ಕೆ ನಿಂತಾಗ ಅವನು ಟಯರನ್ನು ಒತ್ತಿ ನೋಡಿದ. ಕಟಪಾಡಿಯಲ್ಲಿ ಮತ್ತೆ ಒತ್ತಿದ. ಬನ್ನಂಜೆ ಮುಟ್ಟುವವರೆಗೂ ದೇಜಪ್ಪನ ಪಂಪಿನ ಗಾಳಿ ಒಂದಿಷ್ಟೂ ಇಳಿಯಲಿಲ್ಲ.